ಬಿಸಿ ಕೇಳಿದರೆ ತಂಪು ಬಂದಾಗ

ಕೇಳುಗರಿಗೆ ನಮಸ್ಕಾರ.

ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಹುಬ್ಬಳ್ಳಿಯ ವಿದ್ಯಾನಗರ, ಎಲ್ಲಿಗೆ ಹೋದರೂ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಿಗೆ ಕಡಿಮೆಯಿಲ್ಲ. ನಾನು ಎಸಿ, ಫ್ರಿಜ್ ರಿಪೇರಿ ಮಾಡುವವನು. ಅಲ್ಲಿ ಹಿಮ ಬೀಳುವ ಹೊತ್ತಿಗೆ ಇಲ್ಲಿ ನನಗೆ ಫೋನ್ ಬರುತ್ತದೆ. "ಕಾಕಾ, ಹೊಸಾ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕೇನ್ರಿ. ಬಿಸಿ ಇಟ್ರ ತಂಪು ಗಾಳಿ ಬರಾಕತ್ತೈತಿ." ಈಚೆಗೆ ಈ ದೂರೇ ಜಾಸ್ತಿ. ಥರ್ಮೋಸ್ಟಾಟ್ ಅಂದರೆ ಮನೆಗೆ ಎಷ್ಟು ಬಿಸಿ, ಎಷ್ಟು ತಂಪು ಬೇಕು ಅಂತ ಯಂತ್ರಕ್ಕೆ ಹೇಳುವ ಗೋಡೆಯ ಮೇಲಿನ ಡಬ್ಬಿ.

ಅಲ್ಲಿಯವರು ಹೀಟ್ ಪಂಪ್ ಅನ್ನುವುದು ನಮ್ಮ ಹಾಟ್ ಅಂಡ್ ಕೋಲ್ಡ್ ಎಸಿಯ ದೊಡ್ಡಣ್ಣ. ಬೇಸಿಗೆಯಲ್ಲಿ ಮನೆಯ ಶಾಖವನ್ನು ಹೊರಗೆ ಹಾಕುತ್ತದೆ. ಚಳಿಗಾಲದಲ್ಲಿ ಹೊರಗಿನ ಗಾಳಿಯಿಂದ ಶಾಖ ಎಳೆದು ಒಳಗೆ ತರುತ್ತದೆ. ಎಂಥ ಕೊರೆಯುವ ಚಳಿಯಲ್ಲೂ ಗಾಳಿಯಲ್ಲಿ ಒಂದಿಷ್ಟು ಶಾಖ ಇದ್ದೇ ಇರುತ್ತದೆ. ಗ್ಯಾಸ್ ಹರಿಯುವ ದಿಕ್ಕನ್ನು ತಿರುಗಿಸುವುದು ಒಂದು ವಾಲ್ವ್. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಫೋರ್ ವೇ ವಾಲ್ವ್.

ನಮ್ಮ ಕಸುಬಿನಲ್ಲಿ ಒಂದು ಚಟ ಇದೆ. ಏನೇ ಕೆಟ್ಟರೂ "ಗ್ಯಾಸ್ ಹೋಗೈತ್ರಿ" ಅಂದುಬಿಡುವುದು. ಕೆಲವರು ಮುಚ್ಚಳ ಬಿಚ್ಚುವ ಮೊದಲೇ ಹೇಳುತ್ತಾರೆ! ನಿನ್ನೆವರೆಗೆ ಬಿಸಿ ಕೊಟ್ಟ ಯಂತ್ರದ ಗ್ಯಾಸು ಗೋಡೆಯ ಡಬ್ಬಿ ಬದಲಿಸಿದ ಕೂಡಲೇ ಹೇಗೆ ಹೋಗುತ್ತದೆ? ಬದಲಾಗಿದ್ದು ಗೋಡೆಯ ಮೇಲೆ. ಹುಡುಕಬೇಕಾದದ್ದೂ ಮೊದಲು ಅಲ್ಲೇ.

ಬ್ರೇಕರ್ ಆಫ್ ಮಾಡಿ ಡಬ್ಬಿ ತೆಗೆದರೆ ಹಿಂದೆ ಸಣ್ಣ ವೈರ್‌ಗಳು, ಒಂದೊಂದರ ಪಕ್ಕ ಒಂದೊಂದು ಇಂಗ್ಲಿಷ್ ಅಕ್ಷರ. ಬಣ್ಣ ನಂಬಬೇಡಿ, ಅಕ್ಷರ ನೋಡಿ. ಆರ್ ಅಂದರೆ 24 ವೋಲ್ಟ್ ಬರುವ ವೈರ್. ವೈ ಕಂಪ್ರೆಸರ್‌ಗೆ, ಜಿ ಫ್ಯಾನಿಗೆ. ಓ-ಬಿ ಅಂತ ಇರುವುದು ಆ ಫೋರ್ ವೇ ವಾಲ್ವ್‌ಗೆ. ಕೆಲವು ಯಂತ್ರಗಳಲ್ಲಿ ತಂಪು ಬೇಕಾದಾಗ ವಾಲ್ವ್‌ಗೆ ಕರೆಂಟ್ ಹೋಗಬೇಕು, ಅದು ಓ. ಕೆಲವುಗಳಲ್ಲಿ ಬಿಸಿ ಬೇಕಾದಾಗ, ಅದು ಬಿ. ಹೆಚ್ಚಿನವು ಓ. ಹೊಸ ಥರ್ಮೋಸ್ಟಾಟ್‌ಗೆ ಇದನ್ನು ತಪ್ಪಾಗಿ ಹೇಳಿದ್ದರೆ ಬಿಸಿ ಕೇಳಿದಾಗ ತಂಪು, ತಂಪು ಕೇಳಿದಾಗ ಬಿಸಿ. ಸೆಟಿಂಗ್‌ನಲ್ಲಿ ಓ ಇದ್ದದ್ದನ್ನು ಬಿ, ಬಿ ಇದ್ದದ್ದನ್ನು ಓ ಮಾಡಿದರೆ ಮುಗಿಯಿತು. ಸ್ಕ್ರೂಡ್ರೈವರ್ ಕೂಡ ಬೇಡ. ಒಂದು ಐದು ನಿಮಿಷ ಕಾಯಬೇಕು ಅಷ್ಟೇ. ಕಂಪ್ರೆಸರ್ ಒಮ್ಮೆ ನಿಂತರೆ ಕೂಡಲೇ ಶುರುವಾಗದಂತೆ ತಡೆ ಇರುತ್ತದೆ.

ಬಂದ ಗಾಳಿ ಉಗುರು ಬೆಚ್ಚಗಿದೆ ಅಂತ ಗಾಬರಿಯಾಗಬೇಡಿ. ಹೀಟ್ ಪಂಪಿನ ಗಾಳಿ ಇರುವುದೇ ಹಾಗೆ. ಹೊರಗಿನ ಯೂನಿಟ್‌ನಿಂದ ಆಗಾಗ ಹೊಗೆಯಂತೆ ಏಳುವುದೂ ಹೊಗೆಯಲ್ಲ. ತನ್ನ ಮೇಲೆ ಕಟ್ಟಿದ ಮಂಜನ್ನು ಅದೇ ಕರಗಿಸಿಕೊಳ್ಳುವಾಗ ಬರುವ ಆವಿ.

ಡಬ್ಬಿಯ ಪರದೆ ಹೊತ್ತಿಕೊಳ್ಳುವುದೇ ಇಲ್ಲ ಅಂದರೆ ಬೇರೆ ಕಥೆ. ಕರೆಂಟ್ ತೆಗೆಯದೆ ಕೆಲಸ ಮಾಡಿ, ಆರ್ ವೈರಿನ ಬರಿ ತಾಮ್ರದ ತುದಿ ಕರೆಂಟ್ ವಾಪಸ್ ಹೋಗುವ ಸಿ ವೈರ್‌ಗೆ ತಾಗಿದರೆ ಒಳಗಿನ ಯೂನಿಟ್‌ನ ಬೋರ್ಡಿನಲ್ಲಿರುವ ಫ್ಯೂಸ್ ಹೋಗುತ್ತದೆ. ಕಾರಿನಲ್ಲಿ ಹಾಕುವಂಥದ್ದೇ ಪುಟ್ಟ ಬ್ಲೇಡ್ ಫ್ಯೂಸ್. 3 ಆಂಪಿಯರ್‌ದು ನೇರಳೆ ಬಣ್ಣ, 5ರದ್ದು ತಿಳಿ ಕಂದು. ಬೆಳಕಿಗೆ ಹಿಡಿದರೆ ಒಳಗಿನ ತಂತಿ ತುಂಡಾಗಿದ್ದು ಕಾಣುತ್ತದೆ. ಎಷ್ಟರದ್ದು ಇತ್ತೋ ಅಷ್ಟರದ್ದೇ ಹಾಕಿ. ಪರದೆ ಹೊತ್ತಿ ಆರಿ ಮಾಡುತ್ತಿದ್ದರೆ ಸಿ ವೈರ್ ಹಾಕಿದ್ದೀರಾ ನೋಡಿ. ಹಳೆಯ ಡಬ್ಬಿ ಬ್ಯಾಟರಿ ಮೇಲೆ ನಡೆದಿರಬಹುದು. ವೈಫೈ ಇರುವ ಹೊಸದಕ್ಕೆ ಸದಾ ಕರೆಂಟ್ ಬೇಕು, ಅಲ್ವಾ? ಎಷ್ಟೋ ಸಲ ಬಳಸದ ಒಂದು ವೈರ್ ಗೋಡೆಯೊಳಗೇ ಸುತ್ತಿ ಇಟ್ಟಿರುತ್ತಾರೆ.

ಇವೆಲ್ಲ ಕಣ್ಣಿಗೆ ಬೀಳುವ ತೊಂದರೆಗಳು. ನನಗೆ ಹೆದರಿಕೆ ಇರುವುದು ಮನೆ ಚೆನ್ನಾಗಿ ಬೆಚ್ಚಗಿರುವ ತೊಂದರೆಯದು. ಹೊಸ ಡಬ್ಬಿ "ನಿಮ್ಮಲ್ಲಿ ಯಾವ ಯಂತ್ರ ಇದೆ" ಅಂತ ಕೇಳುತ್ತದೆ. ಹೀಟ್ ಪಂಪ್ ಅನ್ನುವ ಬದಲು ಫರ್ನೇಸ್ (ಒಲೆಯಂತೆ ಉರಿಸಿ ಬಿಸಿ ಮಾಡುವ ಯಂತ್ರ) ಅಂತ ಒತ್ತಿದರೆ, ಬಿಸಿ ಬೇಕಾದಾಗಲೆಲ್ಲ ಅದು ಕಂಪ್ರೆಸರ್ ಬಿಟ್ಟು ಸಹಾಯಕ್ಕೆಂದು ಇಟ್ಟ ಕಾಯಿಲ್ ಹೀಟರ್ ಹಚ್ಚಬಹುದು. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್‌ನಷ್ಟು ಶಾಖ ತರುತ್ತದೆ. ಕಾಯಿಲ್ ಒಂದಕ್ಕೆ ಒಂದೇ. ಮನೆಯಲ್ಲಿ ಯಾರಿಗೂ ಚಳಿಯಿಲ್ಲ, ದೂರೂ ಇಲ್ಲ. ತಿಂಗಳ ಬಿಲ್ ಬಂದಾಗಲೇ ಎದೆ ಧಸಕ್ ಅನ್ನುವುದು. ಆದ್ದರಿಂದ ಒಳಗೆ ಬಿಸಿ ಬರುತ್ತಿರುವಾಗ ಒಮ್ಮೆ ಸ್ವೆಟರ್ ಹಾಕಿಕೊಂಡು ಹೊರಗೆ ಹೋಗಿ. ಹೊರಗಿನ ಯೂನಿಟ್‌ನ ಫ್ಯಾನ್ ತಿರುಗುತ್ತಿದೆಯಾ ನೋಡಿ. ಆವಿ ಬರುವ ಸ್ವಲ್ಪ ಹೊತ್ತು ಫ್ಯಾನ್ ನಿಲ್ಲುವುದು ಸಹಜ. ಉಳಿದಂತೆ ಯಾವಾಗ ನೋಡಿದರೂ ಸುಮ್ನೆ ನಿಂತಿದ್ದರೆ ಸೆಟಿಂಗ್ ತೆರೆದು ಯಂತ್ರದ ಹೆಸರು ಓದಿ.

ಇನ್ನು, ರಜೆಗೆ ಬರುವ ಮಕ್ಕಳಿಗೆ ಒಂದು ಮಾತು ಹೇಳಿಡಿ. ಆ ಡಬ್ಬಿಯನ್ನು ಅಪ್ಪನ ಎಸಿಗೆ ಅಂತ ಹುಬ್ಬಳ್ಳಿಗೆ ತರಬೇಡಿ. ಅದು 24 ವೋಲ್ಟ್‌ನದು. ನಮ್ಮ ಸ್ಪ್ಲಿಟ್ ಎಸಿಯ ವೈರ್‌ಗಳಲ್ಲಿ 230 ವೋಲ್ಟ್ ಇರುತ್ತದೆ. ತಾಗಿಸಿದರೆ ಡಬ್ಬಿ ಸುಟ್ಟೇಹೋಗುತ್ತದೆ. ಮೊಬೈಲಿನಿಂದ ಎಸಿ ನಡೆಸುವ ಆಸೆ ಇದ್ದರೆ, ರಿಮೋಟಿನ ಸಿಗ್ನಲ್ ಕಳಿಸುವ ಸಣ್ಣ ಸಾಧನಗಳು ಇಲ್ಲೇ ಸಿಗುತ್ತವೆ. ಎಸಿಯ ಎದುರು ಕಾಣುವ ಹಾಗೆ ಇಟ್ಟರಾಯಿತು, ವೈರ್ ಮುಟ್ಟುವ ಕೆಲಸವೇ ಇಲ್ಲ.

ನಮಸ್ಕಾರ.