ಅಮ್ಮನ ಏಪ್ರನ್ನಿನ ಹೂವುಗಳು: ಆರ್ಶೈಲ್ ಗೋರ್ಕಿಯ ಬದುಕು

ಎಲ್ಲರಿಗೂ ನಮಸ್ಕಾರ.

ಅಮೂರ್ತ ಚಿತ್ರದ ಮುಂದೆ ನಿಂತಾಗ "ಇದು ಏನು?" ಅಂತ ಕೇಳೋಕೆ ನಮಗೆ ಸಂಕೋಚ, ಅಲ್ವಾ? ಆರ್ಶೈಲ್ ಗೋರ್ಕಿಯ ಚಿತ್ರಗಳ ಮುಂದೆ ಧೈರ್ಯವಾಗಿ ಕೇಳಿ. ಉತ್ತರ ಹುಡುಕಲು ಒಂದು ಹಳೇ ಫೋಟೋದಿಂದ ಶುರು ಮಾಡೋಣ.

1912. ಒಟ್ಟೊಮನ್ ಸಾಮ್ರಾಜ್ಯದ (ಈಗಿನ ಟರ್ಕಿಯ) ವಾನ್ ಪಟ್ಟಣ. ಶುಶಾನ್ ಎಂಬ ಅರ್ಮೇನಿಯನ್ ಹೆಂಗಸು ಕೂತಿದ್ದಾಳೆ. ಪಕ್ಕದಲ್ಲಿ ಮಗ ವೊಸ್ತಾನಿಕ್, ಕೈಯಲ್ಲಿ ಪುಟ್ಟ ಹೂಗೊಂಚಲು. ಅಮೆರಿಕಕ್ಕೆ ದುಡಿಯಲು ಹೋಗಿದ್ದ ಅಪ್ಪನಿಗೆ ಕಳಿಸಲೆಂದು ತೆಗೆಸಿದ ಫೋಟೋ. ಅಮ್ಮನ ಏಪ್ರನ್ ತುಂಬಾ ಹೂವಿನ ಚಿತ್ತಾರ.

1915ರಲ್ಲಿ ಅರ್ಮೇನಿಯನ್ನರ ನರಮೇಧ ನಡೆಯಿತು. ತಾಯಿ ಮಕ್ಕಳು ಊರು ಬಿಟ್ಟು ಓಡಿದರು. 1919ರಲ್ಲಿ ಅರ್ಮೇನಿಯಾದ ಯೆರೆವಾನ್‌ನಲ್ಲಿ ಶುಶಾನ್ ಹಸಿವಿನಿಂದ ಸತ್ತಳು. ಮರುವರ್ಷ ಹುಡುಗ ತಂಗಿಯ ಜೊತೆ ಅಮೆರಿಕ ಸೇರಿದ. ಅಲ್ಲಿ ಆರ್ಶೈಲ್ ಗೋರ್ಕಿ ಅಂತ ಹೆಸರು ಬದಲಿಸಿಕೊಂಡ. ತಾನು ಲೇಖಕ ಮಕ್ಸಿಂ ಗೋರ್ಕಿಯ ಸಂಬಂಧಿ ಅಂತಲೂ ಹೇಳಿಕೊಂಡ. ಅದು ಸುಳ್ಳು ಅನ್ನುವುದು ನಿಜ. ಆದರೆ ಮನೆ, ಊರು, ಅಮ್ಮ ಎಲ್ಲವನ್ನೂ ಕಳೆದುಕೊಂಡು ಬಂದ ಹುಡುಗನನ್ನು ಅದಕ್ಕಾಗಿ ಆಡಿಕೊಳ್ಳಲು ನನಗೆ ಮನಸ್ಸಿಲ್ಲ.

1926ರ ಸುಮಾರಿಗೆ ಆ ಫೋಟೋ ನೋಡಿಕೊಂಡು 'ಕಲಾವಿದ ಮತ್ತು ಅವನ ತಾಯಿ' ಶುರು ಮಾಡಿದ. ಎರಡು ಕ್ಯಾನ್ವಾಸ್‌ಗಳಲ್ಲಿ ಅದನ್ನೇ ಬರೆದ. ಒಂದು ಈಗ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿದೆ, ಇನ್ನೊಂದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ. ಬಣ್ಣ ಹಚ್ಚುವುದು, ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯುವುದು, ಮತ್ತೆ ಹಚ್ಚುವುದು. ಹೀಗೇ ವರ್ಷಗಟ್ಟಲೆ. ಕೆರೆದು ಕೆರೆದು ಚಿತ್ರದ ಮೈ ಪಿಂಗಾಣಿಯಷ್ಟು ನುಣುಪಾಯಿತು. ಅಮ್ಮನ ದೊಡ್ಡ ಕಪ್ಪು ಕಣ್ಣುಗಳು ನಮ್ಮನ್ನೇ ನೋಡುತ್ತವೆ. ಆದರೆ ಅವಳ ಕೈಗೆ ಬೆರಳುಗಳೇ ಇಲ್ಲ. ಏಪ್ರನ್ ಬರೀ ಖಾಲಿ, ಒಂದು ಹೂವೂ ಇಲ್ಲ.

ಆ ಹೂವುಗಳು ಎಲ್ಲಿ ಹೋದವು?

1943ರಲ್ಲಿ ಅವನು ವರ್ಜೀನಿಯಾದಲ್ಲಿ, ಹೆಂಡತಿಯ ತವರಿನವರ ಜಮೀನಿನಲ್ಲಿ ಇದ್ದ. ಹುಲ್ಲಿನ ನಡುವೆ ಕೂತು ಗಿಡಗಂಟಿಗಳನ್ನು ಹತ್ತಿರದಿಂದ ನೋಡಿ ರೇಖಾಚಿತ್ರ ಬರೆದ. ಮುಂದಿನ ವರ್ಷ ಒಂದು ಕ್ಯಾನ್ವಾಸ್ ಬಂತು. ಬಣ್ಣಕ್ಕೆ ಟರ್ಪೆಂಟೈನ್ ಜಾಸ್ತಿ ಹಾಕಿ, ನೀರಿನ ಹಾಗೆ ಮಾಡಿ, ತನ್ನ ಪಾಡಿಗೆ ಕೆಳಗೆ ಹರಿಯಲು ಬಿಟ್ಟಿದ್ದಾನೆ. ದಳದಂಥ, ಎಲೆಯಂಥ ಆಕಾರಗಳು ತೇಲುತ್ತವೆ. ಚಿತ್ರದ ಹೆಸರು: 'ನನ್ನ ಅಮ್ಮನ ಕಸೂತಿ ಏಪ್ರನ್ ನನ್ನ ಬದುಕಿನಲ್ಲಿ ಬಿಚ್ಚಿಕೊಳ್ಳುವ ಬಗೆ'. ಅಮ್ಮನ ಚಿತ್ರದಲ್ಲಿ ಬರೆಯಲಾಗದ ಹೂವುಗಳು ಇಲ್ಲಿ ಅರಳಿವೆ ಅಂತ ನಾನು ನಂಬಿದ್ದೇನೆ. ಅಮೂರ್ತ ಕಲೆ ಅವನಿಗೆ ಸುಮ್ನೆ ಹೊಸ ಶೈಲಿ ಆಗಿರಲಿಲ್ಲ. ಅಮ್ಮನ ಹತ್ತಿರ ಹೋಗಲು ಅವನಿಗೆ ಸಿಕ್ಕ ದಾರಿ ಅದು.

ಆಮೇಲಿನದನ್ನು ಹೆಚ್ಚು ಹೇಳಲಾರೆ. 1946ರಲ್ಲಿ ಸ್ಟುಡಿಯೋಗೆ ಬೆಂಕಿ ಬಿತ್ತು, ಅದೇ ವರ್ಷ ಕ್ಯಾನ್ಸರ್. 1948ರಲ್ಲಿ ಕಾರು ಅಪಘಾತ. ಆ ಜುಲೈನಲ್ಲಿ ತಾನೇ ಪ್ರಾಣ ಕಳೆದುಕೊಂಡ.

ಅವನ ಗೆಳೆಯ, ಚಿತ್ರಕಾರ ವಿಲೆಮ್ ಡಿ ಕೂನಿಂಗ್ ಹಾಲೆಂಡಿನಿಂದ ವಲಸೆ ಬಂದವನು. ಗೋರ್ಕಿ ಸತ್ತ ಮರುವರ್ಷ ಅವನು ಒಂದು ಕಲಾ ಪತ್ರಿಕೆಗೆ ಕಾಗದ ಬರೆದ. ಯಾರು ಎಲ್ಲಿಂದ ಬಂದರು ಅಂತ ಲೆಕ್ಕ ಇಡಲೇಬೇಕು ಅನ್ನುವುದಾದರೆ, ತಾನು ಬಂದಿದ್ದು 36, ಯೂನಿಯನ್ ಸ್ಕ್ವೇರ್‌ನಿಂದ ಎಂದ. ಅದು ಗೋರ್ಕಿಯ ಸ್ಟುಡಿಯೋದ ವಿಳಾಸ.