ಮುನಿರಾಬಾದಿಗೆ ಸ್ವಾತಂತ್ರ್ಯ ಯಾವತ್ತು ಬಂತು?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ವರ್ಷದ ಲೆಕ್ಕ ಒಪ್ಪಿಸೋಣ ಅಂತ ಕೂತಿದ್ದೇನೆ. ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಇತಿಹಾಸ ಬಳಗ ಇದೆ. ನಿವೃತ್ತ ಮಾಸ್ತರರು ನಾಲ್ವರು, ಕಾಲೇಜಿನ ಲೆಕ್ಚರರ್ ಇಬ್ಬರು, ಜೆರಾಕ್ಸ್ ಅಂಗಡಿಯ ಗೆಳೆಯ ಒಬ್ಬ, ಮತ್ತೆ ನಾನು. ಕಾರ್ಯಕ್ರಮಕ್ಕೆ ಜನ ಕಡಿಮೆ ಬಿದ್ದರೆ ನಮ್ಮ ಮನೆಯವರು.

ವರ್ಷದ ಕೊನೆಯ ಸಭೆಯಲ್ಲಿ ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆವು. ಜಯಂತಿಗಳು, ಉಪನ್ಯಾಸಗಳು, ಕೋಟೆ ನೋಡಿದ್ದು, ಕಾಲೇಜಿನಲ್ಲಿ ಕ್ವಿಜ್, ನವೆಂಬರ್ 26ಕ್ಕೆ ಸಂವಿಧಾನದ ಪೀಠಿಕೆ ಓದಿದ್ದು. ಹಾಳೆ ತುಂಬಿತು. ಎಲ್ಲರಿಗೂ ಖುಷಿ. ನನಗೆ ಮಾತ್ರ ಕಿರಿಕಿರಿ. ಆ ಹಾಳೆಯಲ್ಲಿ ರಾಜರಿದ್ದರು, ದಂಡನಾಯಕರಿದ್ದರು. ನಮ್ಮ ಅಜ್ಜ ಅಜ್ಜಿ ಇರಲಿಲ್ಲ. ಇದ್ದದ್ದು ಒಂದೇ ಒಂದು ಕಡೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪದ. ಪ್ರಜೆ. ರಾಜನ ಕೈಕೆಳಗೆ ಬಾಳುವವನೂ ಪ್ರಜೆ, ಓಟು ಹಾಕಿ ಸರ್ಕಾರ ಇಳಿಸುವವನೂ ಪ್ರಜೆ. ಎರಡಕ್ಕೂ ನಮ್ಮಲ್ಲಿ ಒಂದೇ ಪದ. ನಾಗರಿಕ ಅಂತ ಇದೆ, ಆದರೆ ಹಾಗಂದರೆ ಹಳ್ಳಿ ಕಡೆ ನೀಟಾಗಿ ಇಸ್ತ್ರಿ ಅಂಗಿ ಹಾಕಿಕೊಂಡವನು ಅನ್ನುವ ಅರ್ಥ ಬರುತ್ತದೆ. ಪೌರ ಅನ್ನುವುದು ಪೌರನೀತಿ ಪಾಠದಲ್ಲಿ ಸ್ವಲ್ಪ ಉಳಿಯಿತು, ಬಿಟ್ಟರೆ ಪೌರಕಾರ್ಮಿಕರ ಹೆಸರಿನಲ್ಲಿ. ಹೀಗಾಗಿ ಪ್ರಜೆ ಅನ್ನುವ ಪದದ ಅರ್ಥ ನಮ್ಮೂರಲ್ಲಿ ಯಾವಾಗ ಬದಲಾಯಿತು ಅಂತ ಯಾರೂ ಕೇಳುವುದೇ ಇಲ್ಲ. ಕೊಪ್ಪಳದಲ್ಲಿ ಅದಕ್ಕೆ ತಾರೀಖು ಇದೆ. ನನ್ನ ತಕರಾರು ಇಷ್ಟೇ. ಇತಿಹಾಸ ಬಳಗ ಅಂತ ಬೋರ್ಡ್ ಹಾಕಿಕೊಂಡವರು ವರ್ಷವಿಡೀ ಅದರ ಸುತ್ತಲೇ ಕೆಲಸ ಮಾಡಬೇಕಿತ್ತು. ನಾವು ಮಾಡಲಿಲ್ಲ.

ನಾವು ಶುರು ಮಾಡಿದ್ದು ಅಶೋಕನಿಂದ. ತಪ್ಪೇನಲ್ಲ. ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ತೇರು ನೋಡಿ, ದಾಸೋಹದಲ್ಲಿ ಉಂಡು ಹೋಗುತ್ತಾರೆ. ಅದೇ ಗವಿಮಠದ ಗುಡ್ಡದ ಮೇಲೆ 2,200 ವರ್ಷಕ್ಕೂ ಹಳೆಯ ಅಶೋಕನ ಶಾಸನ ಇದೆ. ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ರಾಯಚೂರು ಜಿಲ್ಲೆಯ ಮಸ್ಕಿಯದು ನಿಮಗೆಲ್ಲ ಗೊತ್ತು. 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಬೇರೆ ಕಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬಿರುದು ಮಾತ್ರ. ಅಶೋಕ ಅಂತ ಹೆಸರೇ ಇರುವ ಅವನ ಶಾಸನ ನಾಲ್ಕು ಕಡೆ. ಅದರಲ್ಲಿ ಮೂರು ನಮ್ಮ ಅಕ್ಕಪಕ್ಕದವು. ಮಸ್ಕಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳ.

ಆ ಕಲ್ಲು ಏನು ಹೇಳುತ್ತದೆ ಗೊತ್ತಾ? ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದು ಅಂದುಕೊಳ್ಳಬೇಡಿ, ಸಣ್ಣವರೂ ಮನಸ್ಸಿಟ್ಟರೆ ದಕ್ಕುತ್ತದೆ, ಇಬ್ಬರಿಗೂ ಹೇಳಿ ಅನ್ನುತ್ತದೆ. ನಾವು ಆ ಶಾಸನದ ಬಗ್ಗೆ ಉಪನ್ಯಾಸ ಇಟ್ಟೆವು. ವೇದಿಕೆ ಮೇಲೆ ಒಂಬತ್ತು ಜನ ದೊಡ್ಡವರು. ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಸನದ ಮಾತಿಗೆ ಬರುವಷ್ಟರಲ್ಲಿ ಸಣ್ಣವರು ಒಗ್ಗರಣಿ ಮಿರ್ಚಿ ತಿನ್ನಲು ಹೋಗಿದ್ದರು. ಹಾಗಂತ ಅಶೋಕನನ್ನು ಪ್ರಜಾಪ್ರಭುತ್ವದ ಪಿತಾಮಹ ಮಾಡುವುದೂ ಬೇಡ. ಅದು ರಾಜನ ಅಪ್ಪಣೆ. ಕಲ್ಲು ಮಾತಾಡುತ್ತದೆ, ಪ್ರಜೆ ಕೇಳಿಸಿಕೊಳ್ಳಬೇಕು. ಕೇಳುವವನು ತಿರುಗಿ ಮಾತಾಡುವ ಕಾಲ ಬಂದದ್ದು ಬಹಳ ಆಮೇಲೆ.

ಎಷ್ಟು ಆಮೇಲೆ? ಕ್ವಿಜ್‌ನಲ್ಲಿ ಇದನ್ನೇ ಕೇಳಿದೆ. ಮುನಿರಾಬಾದಿಗೆ ಸ್ವಾತಂತ್ರ್ಯ ಯಾವತ್ತು ಬಂತು? ಇಡೀ ಹಾಲ್ ಒಂದೇ ದನಿಯಲ್ಲಿ ಹೇಳಿತು, 1947 ಆಗಸ್ಟ್ 15. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, "ಸೆಪ್ಟೆಂಬರ್ 17ಕ್ಕ ಮತ್ತೊಮ್ಮೆ ಝೆಂಡಾ ಹಾರಿಸ್ತಾರಲ್ರಿ ಸರ್, ಅದ್ಯಾಕ್ರಿ?" ಅಂದಳು. ಬಹುಮಾನ ಅವಳಿಗೇ ಕೊಟ್ಟೆ. ಉತ್ತರ ಹೇಳಿರಲಿಲ್ಲ, ಪ್ರಶ್ನೆ ಕೇಳಿದ್ದಳು.

ಒಂದು ಸಲ ನಕ್ಷೆ ನೆನಪು ಮಾಡಿಕೊಳ್ಳಿ. ತುಂಗಭದ್ರೆಯ ಆ ದಡ ಹೊಸಪೇಟೆ, ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಈ ದಡ ಮುನಿರಾಬಾದ್, ಕೊಪ್ಪಳ, ನಿಜಾಮನ ಹೈದರಾಬಾದ್ ಸಂಸ್ಥಾನ. ಮಧ್ಯೆ ಕಟ್ಟುತ್ತಿದ್ದ ಡ್ಯಾಮ್ ಇಬ್ಬರದೂ. 1945ರಲ್ಲಿ ಕೆಲಸ ಶುರುವಾಗಿತ್ತು. 1947ರ ಆಗಸ್ಟ್ 15ರಂದು ಆ ದಡದವರು ಸ್ವತಂತ್ರ ದೇಶದವರಾದರು. ಈ ದಡದವರು ಹಿಂದಿನ ದಿನ ಯಾರ ಪ್ರಜೆಗಳೋ ಅವರದೇ ಪ್ರಜೆಗಳು. ಅದೇ ಹೊಳೆ, ಅದೇ ನೀರು. ಬೀಗರು ಆ ಕಡೆ ಇದ್ದರೆ ಅವರು ಬೇರೆ ದೇಶದವರು ಅನ್ನುವ ಹಾಗೆ. 1948ರ ಸೆಪ್ಟೆಂಬರ್ 17ರಂದು ನಿಜಾಮ ಭಾರತದ ಸೇನೆಗೆ ಶರಣಾಗುವವರೆಗೆ ಹೀಗೇ ಇತ್ತು. 13 ತಿಂಗಳು.

ಆ 13 ತಿಂಗಳು ನಮ್ಮ ಭಾಗದ ನಿಜವಾದ ಪೌರನೀತಿ ಪಾಠ. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ನೇತೃತ್ವದಲ್ಲಿ ನಿಜಾಮನ ವಿರುದ್ಧ ಹೋರಾಡುವವರ ಶಿಬಿರ ನಡೆಯಿತು. ಊರು ಬಿಟ್ಟು ಹೋದವರು, ರಾತ್ರಿ ಗಡಿ ದಾಟಿ ಬಂದು ನಿಜಾಮನ ನಾಕಾಗಳ ಮೇಲೆ ಬಿದ್ದವರು, ಅವರಿಗೆ ರೊಟ್ಟಿ ಬಡಿದು ಕಟ್ಟಿಕೊಟ್ಟವರು. ಹೋರಾಟಗಾರರ ಹೆಸರು ಪುಸ್ತಕಗಳಲ್ಲಿ ಇವೆ. ರೊಟ್ಟಿ ಕೊಟ್ಟವರದು ಇಲ್ಲ.

ನಮ್ಮ ಬಳಗದಲ್ಲಿ ಈ ವಿಷಯ ಎತ್ತಿದ ಕೂಡಲೇ ಜಗಳ. ವಿಮೋಚನೆ ಅನ್ನಬೇಕೋ, ವಿಲೀನ ಅನ್ನಬೇಕೋ? ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು, ಚಹಾ ಮೂರು ಸಲ. ಕೊನೆಗೆ ಒಬ್ಬ ಹಿರಿಯರು, "ಹಳೇ ಗಾಯ ಕೆದರಬ್ಯಾಡ್ರಿ, ಕೃಷ್ಣದೇವರಾಯನ ಮ್ಯಾಲ ಮಾಡೋಣ" ಅಂದರು. ಮಾಡಿದೆವು. 1520ರ ರಾಯಚೂರು ಯುದ್ಧ, ಒಳ್ಳೆ ಉಪನ್ಯಾಸವೇ. ಚಪ್ಪಾಳೆಯೂ ಜಾಸ್ತಿ. 500 ವರ್ಷದ ಹಿಂದಿನ ಯುದ್ಧದಿಂದ ಯಾರಿಗೂ ನೋವಾಗುವುದಿಲ್ಲ, ಅಲ್ವಾ?

ನನಗೆ ಆ ಹಿರಿಯರ ಮೇಲೆ ಸಿಟ್ಟಿಲ್ಲ. ನಿಜಾಮನ ಪರ ಇದ್ದ ಖಾಸಗಿ ಪಡೆಯ ರಜಾಕಾರರು ಮಾಡಿದ್ದನ್ನು ಅವರ ಮನೆಯವರೇ ಕಂಡಿದ್ದಾರೆ. ಆದರೆ ಪೊಲೀಸ್ ಕಾರ್ಯಾಚರಣೆ, ಅಂದರೆ ಭಾರತದ ಸೇನೆ ಸಂಸ್ಥಾನಕ್ಕೆ ನುಗ್ಗಿದ್ದು, ಆದ ಮೇಲೆ ಸಂಸ್ಥಾನದ ಎಷ್ಟೋ ಕಡೆ ಏನೂ ತಪ್ಪು ಮಾಡದ ಮುಸ್ಲಿಂ ಕುಟುಂಬಗಳ ಮೇಲೂ ದಾಳಿ ನಡೆಯಿತು. ಪಂಡಿತ್ ಸುಂದರಲಾಲ್ ನೇತೃತ್ವದ ತಂಡ ಊರೂರು ತಿರುಗಿ ವರದಿ ಕೊಟ್ಟಿತು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಎರಡನ್ನೂ ಒಂದೇ ವೇದಿಕೆಯಲ್ಲಿ, ಒಂದೇ ದನಿಯಲ್ಲಿ ಹೇಳುವ ಧೈರ್ಯ ಇತಿಹಾಸ ಬಳಗಕ್ಕೇ ಇಲ್ಲದಿದ್ದರೆ ಇನ್ಯಾರಿಗೆ ಇರಬೇಕು? ವಾಟ್ಸಾಪ್ ಗುಂಪುಗಳಿಗೆ ಬಿಟ್ಟರೆ ಅವರು ಅರ್ಧ ಅರ್ಧ ಹಂಚಿಕೊಳ್ಳುತ್ತಾರೆ. ಈಗಲೇ ಹಂಚಿಕೊಂಡಿದ್ದಾರೆ.

ಈಗ ಆಗಲೇ ಹೇಳಿದ ಆ ಒಂದು ಕಾರ್ಯಕ್ರಮಕ್ಕೆ ಬರುತ್ತೇನೆ. ಅದು ನಮ್ಮ ಜೆರಾಕ್ಸ್ ಗೆಳೆಯನ ಐಡಿಯಾ. "ಹಳೇ ಕಾಗದ ತನ್ನಿ" ಅಂತ ಒಂದು ಭಾನುವಾರ. ಮನೆಯ ಟ್ರಂಕಿನಲ್ಲಿ ಇರುವ ಹಳೆಯ ಕಾಗದ ತನ್ನಿ, ಓದಿ ಹೇಳುತ್ತೇವೆ, ಜೆರಾಕ್ಸ್ ಪುಕ್ಕಟೆ. ಹತ್ತು ಜನ ಬರಬಹುದು ಅಂದುಕೊಂಡಿದ್ದೆವು. ಹತ್ತು ಗಂಟೆಗೇ ಮೆಟ್ಟಿಲ ಮೇಲೆ ಸಾಲು. ಹೆಚ್ಚಿನವು ಉರ್ದು ಕಾಗದ. ನಿಜಾಮನ ಕಾಲದ ಕಚೇರಿ ಭಾಷೆ ಅದೇ ತಾನೇ. ಮನೆಯಲ್ಲಿ ಎರಡು ತಲೆಮಾರಿನಿಂದ ಜೋಪಾನ ಮಾಡಿದ ಕಾಗದ, ಮನೆಯಲ್ಲಿ ಒಬ್ಬರಿಗೂ ಓದಲು ಬರುವುದಿಲ್ಲ. ನಿವೃತ್ತ ಉರ್ದು ಶಿಕ್ಷಕರೊಬ್ಬರನ್ನು ಕರೆಸಿದ್ದೆವು. ಪಾಪ, ಮಧ್ಯಾಹ್ನ ಮೂರರವರೆಗೆ ಅವರು ಏಳಲಿಲ್ಲ.

ಪಕ್ಕದ ಹಳ್ಳಿಯಿಂದ ಒಬ್ಬ ಅಮ್ಮ ಬಂದಿದ್ದರು. ಕುಪ್ಪಸದ ಖಣದಲ್ಲಿ ಸುತ್ತಿದ ಒಂದೇ ಹಾಳೆ, ಮಡಿಕೆಯ ಜಾಗದಲ್ಲಿ ಹರಿದಿತ್ತು. ಅದು ಕೈಬಿಟ್ಟು ಹೋದ ಹೊಲದ ಪತ್ರ ಅಂತ ಅವರ ಮನೆಯಲ್ಲಿ ನಂಬಿಕೆ. ಮಾಸ್ತರರು ಕನ್ನಡಕ ಮೇಲೆ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ಓದಿದರು. ಹೊಲದ ಪತ್ರ ಅಲ್ಲ. ಕಂದಾಯ ಕಟ್ಟಿದ ರಸೀದಿ. ಅವರ ಮಾವನ ಹೆಸರು, ಮೊತ್ತ, ಫಸಲಿ 1356. ಫಸಲಿ ಅಂದರೆ ಕಂದಾಯದ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಬೇಕು, ಅಂದರೆ 1946ರಿಂದ 47. ಅಮ್ಮನಿಗೆ ಹೇಗೆ ಹೇಳುವುದು ಅಂತ ನಾವು ಮುಖ ಮುಖ ನೋಡಿಕೊಂಡೆವು. ಕೊನೆಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಅಂದ್ರ ನಮ್ಮ ಮಾವ ಬಾಕಿ ಉಳಿಸ್ಕೊಂಡಿಲ್ಲ, ಹೌದಿಲ್ರಿ?" ಅಂದರು. ಹೌದಮ್ಮ, ಪೂರ್ತಿ ಕಟ್ಟಿದ್ದಾರೆ ಅಂದೆ. ಕಾಗದ ಮತ್ತೆ ಖಣದಲ್ಲಿ ಸುತ್ತಿಕೊಂಡರು.

ಜೊತೆಗೆ ಬಂದಿದ್ದ ಮೊಮ್ಮಗ ಡಿಗ್ರಿ ಓದುತ್ತಾನೆ. ಅವನು ಕೇಳಿದ, ಕಟ್ಟಿದ್ದು ಯಾರಿಗೆ? ನೋಡಿ, ಒಂದು ವರ್ಷದ ಉಪನ್ಯಾಸದಲ್ಲಿ ಯಾರೂ ಕೇಳದ ಪ್ರಶ್ನೆ. ಕೊಪ್ಪಳ ಆಗ ಸಾಲಾರ್ ಜಂಗ್ ಮನೆತನದ ಜಹಗೀರು, ಅಂದರೆ ಕಂದಾಯ ಆ ಮನೆತನಕ್ಕೇ ಸೇರುತ್ತಿತ್ತು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಿದ್ದೀರಲ್ಲ, ಅದೇ ಮನೆತನ. ಶಾಲೆ ಟೂರ್‌ನಲ್ಲಿ ಹೋಗಿ ಆ ಗಂಟೆ ಹೊಡೆಯುವ ಗಡಿಯಾರದ ಮುಂದೆ ನಾವೆಲ್ಲ ಬಾಯಿ ತೆರೆದು ಕೂತವರೇ. ನಮ್ಮ ಎರೆ ಹೊಲದ ಜೋಳದ ಒಂದು ಪಾಲೂ ಆ ಸಂಗ್ರಹದಲ್ಲಿ ಸೇರಿದೆ ಅಂದರೆ ತಪ್ಪಾಗಲಿಕ್ಕಿಲ್ಲ. ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ನೋಡಬೇಕಿತ್ತು. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಹಗೀರುಗಳನ್ನು ರದ್ದು ಮಾಡಿದರು. ಇನ್ನೆರಡು ಮೂರು ವರ್ಷಕ್ಕೆ ಮೊದಲ ಚುನಾವಣೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿತ್ರ. ರಸೀದಿ ತೆಗೆದುಕೊಂಡ ಅದೇ ಮಾವ ಪೆಟ್ಟಿಗೆಯೊಳಗೆ ಚೀಟಿ ಹಾಕಿರಬೇಕು. ಪ್ರಜೆ ಅನ್ನುವ ಪದದ ಅರ್ಥ ಬದಲಾದದ್ದು ಅಲ್ಲಿ. ಐದಾರು ವರ್ಷದೊಳಗೆ, ಒಬ್ಬನೇ ಮನುಷ್ಯನ ಕೈಯಲ್ಲಿ.

ಆ ಹುಡುಗನ ಫೈಲಿನಲ್ಲಿ 371ಜೆ ಸರ್ಟಿಫಿಕೇಟ್ ಇತ್ತು, ನಮ್ಮ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡಿಸುವುದು. ಯಾಕೆ ಕೊಡುತ್ತಾರೆ ಅಂದರೆ, ನಾವು ಹಿಂದುಳಿದವರು ಅಂತ, ಅಂದ. ಯಾಕೆ ಹಿಂದುಳಿದೆವು? ಗೊತ್ತಿಲ್ಲ. ಇಲ್ಲಿಯ ಮಕ್ಕಳಿಗೆ ಸಂವಿಧಾನದ ಒಂದು ವಿಧಿಯ ನಂಬರ್ ಬಾಯಿಪಾಠ ಇದೆ, ಕಥೆ ಗೊತ್ತಿಲ್ಲ. ಸಂಸ್ಥಾನದ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾಯಿತು. ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಅಷ್ಟು ದೂರ ಹೋಗುವುದೇ ಕಷ್ಟ, ಹೋದರೂ ಭಾಷೆ ಬೇರೆ. ಅಲ್ಲಿಂದ ವೈಜನಾಥ ಪಾಟೀಲರಂಥವರ ವರ್ಷಗಟ್ಟಲೆ ಹೋರಾಟ, 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿ. ಇದನ್ನು ನವೆಂಬರ್ 26ಕ್ಕೆ ಹೇಳಬಹುದಿತ್ತು. ನಾವು ಪೀಠಿಕೆ ಓದಿಸಿ, ಫೋಟೋ ತೆಗೆಸಿಕೊಂಡು, ಲಾಡು ಹಂಚಿ ಬಂದೆವು.

ಬಳ್ಳಾರಿಯ ಗೆಳೆಯರು ನಗುತ್ತಿರಬಹುದು. ನಿಮ್ಮದು ಮದ್ರಾಸಿನ ಕಥೆ. ನಿಜಾಮ ಇಲ್ಲ, ಆದರೂ 371ಜೆ ಇದೆ! ನಿಮ್ಮದು ತಡವಾದದ್ದು ಕನ್ನಡ ನಾಡು ಸೇರುವುದು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನುವುದಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆದು, 1953ರ ಅಕ್ಟೋಬರ್ 1ಕ್ಕೆ ಮೈಸೂರು ಸೇರಿತು. ಅದರ ಮೇಲೆ ನೀವೇ ಒಂದು ವೀಡಿಯೋ ಮಾಡಿ, ನಾನು ಶೇರ್ ಮಾಡುತ್ತೇನೆ.

ಮುಂದಿನ ವರ್ಷದ ಪಟ್ಟಿ ಸಿದ್ಧವಾಗಿದೆ. "ಹಳೇ ಕಾಗದ ತನ್ನಿ" ಮೂರು ಸಲ. ಒಂದು ಕೊಪ್ಪಳ, ಒಂದು ಕುಷ್ಟಗಿ, ಒಂದು ಯಲಬುರ್ಗಾ. ಸೆಪ್ಟೆಂಬರ್ 17ಕ್ಕೆ ಮುನಿರಾಬಾದಿನಲ್ಲಿ ಹೊಳೆ ದಂಡೆ ಮೇಲೆ ಕೂತು 80 ದಾಟಿದವರ ಮಾತು ರೆಕಾರ್ಡ್ ಮಾಡುವುದು, ಎರಡೂ ಧರ್ಮದವರದು, ಎರಡೂ ದಡದವರದು. ವೇದಿಕೆ ಇಲ್ಲ, ಜಮಖಾನೆ ಸಾಕು. ಇದಕ್ಕೆ ಎಲ್ಲರೂ ಒಪ್ಪಿದರು. ದುಡ್ಡಿಗಾಗಿ ಶಾಲು ಬಿಡೋಣ ಅಂದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. ಬಹಳ ಎಳೆದಾಡಿ, ಒಂಬತ್ತಿದ್ದದ್ದನ್ನು ಏಳಕ್ಕೆ ಇಳಿಸಿದ್ದೇವೆ.