ವೆಲ್ಲೆಸ್ಲಿಯ ಎತ್ತುಗಳು

ಕೇಳುಗರಿಗೆಲ್ಲ ನಮಸ್ಕಾರ.

ವೆಲ್ಲಿಂಗ್ಟನ್ ಅಂದ ಕೂಡಲೇ ಎಲ್ಲರೂ ವಾಟರ್‌ಲೂ ಅಂತಾರೆ. 1815, ನೆಪೋಲಿಯನ್ ಸೋತ, ಮುಗೀತು. ಶಾಲೆಯಲ್ಲಿ ಬಾಯಿಪಾಠ ಮಾಡಿಸೋದೂ ಅಷ್ಟೇ. ಆ ಮನುಷ್ಯ ದಂಡು ನಡೆಸೋದನ್ನು ಕಲಿತದ್ದು ಎಲ್ಲಿ ಅಂತ ಕೇಳಿ ನೋಡಿ, ಹರಿಹರ, ರಾಣೆಬೆನ್ನೂರು, ಮುನವಳ್ಳಿ ಅಂತ ಒಬ್ಬರೂ ಹೇಳೋದಿಲ್ಲ. ಇವತ್ತು ನಾನು ಹೇಳೋದು ಒಂದೇ ಮಾತು: ಆತನನ್ನು ಜನರಲ್ ಮಾಡಿದ್ದು ಎತ್ತು. ಮನೇಲಿ ಎತ್ತು ಕಟ್ಟಿದವರು ಇದನ್ನು ಕೇಳಿ ನಗೋದಿಲ್ಲ. ಉಳಿದವರು ಸ್ವಲ್ಪ ತಾಳಿಕೊಳ್ಳಿ.

ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು, ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನಲ್ಲಿ. 1797ರಲ್ಲಿ 33ನೇ ರೆಜಿಮೆಂಟಿನ ಜೊತೆ ಕಲ್ಕತ್ತೆಗೆ ಬಂದ. ಮರುವರ್ಷ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದಿಳಿದ. ಅಣ್ಣನ ಕೃಪೆ ಇತ್ತು, ಮುಚ್ಚಿಡೋದು ಬೇಡ.

ಈಗ ಎತ್ತಿಗೆ ಬರೋಣ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿಯೂ ಇದ್ದ. ಆದರೂ ವಾಪಸು ಹೋದ. ಯಾಕೆ? ಮಳೆ ಹಿಡಿಯಿತು. ಟಿಪ್ಪುವಿನ ಕಡೆಯವರು ದಾರಿಯುದ್ದಕ್ಕೂ ಮೇವು ಸುಟ್ಟಿದ್ದರು. ಎತ್ತುಗಳು ಕೆಸರಲ್ಲಿ ಮಲಗಿದವು ಮತ್ತೆ ಏಳಲಿಲ್ಲ. ಕೊನೆಗೆ ಸಿಪಾಯಿಗಳೇ ಹಗ್ಗ ಹಿಡಿದು ಫಿರಂಗಿ ಎಳೆದರು. ಕೋಟೆ ಒಡೆಯೋ ಫಿರಂಗಿ ಅಂದರೆ ಕಬ್ಬಿಣದ ಗುಡ್ಡ, ಅದಕ್ಕೆ ಹತ್ತಾರು ಜೋಡಿ ಎತ್ತು ಬೇಕು. ಮನುಷ್ಯರು ಎಷ್ಟು ದೂರ ಎಳೆದಾರು? ಕಣ್ಣಂಬಾಡಿ ಹತ್ತಿರ ಆ ಭಾರಿ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಹೊರಟರು. ಗೆದ್ದ ಸೈನ್ಯ, ಎತ್ತಿಲ್ಲದೆ ಸೋತು ಹೋಯಿತು.

1799ರಲ್ಲಿ ಜನರಲ್ ಹ್ಯಾರಿಸ್ ಬಂದಾಗಲೂ ಅದೇ ಭಯ. ಏಪ್ರಿಲ್ ನಡುವೆ ಚೀಲ ಎಣಿಸಿ ನೋಡಿದರೆ ದಂಡಿಗೆ 18 ದಿನದ ಅಕ್ಕಿ ಮಾತ್ರ ಉಳಿದಿತ್ತು. ಮೇ 4ಕ್ಕೆ ಕೋಟೆ ಬಿತ್ತು. ನುಗ್ಗಿದವರ ಮುಂದಾಳು ಡೇವಿಡ್ ಬೇರ್ಡ್, ಅದೇ ಊರಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕೊಳೆತಿದ್ದವನು. ಪಟ್ಟಣದ ಅಧಿಕಾರ ಸಿಕ್ಕಿದ್ದು ಮಾತ್ರ ವೆಲ್ಲೆಸ್ಲಿಗೆ. ಬೇರ್ಡ್‌ಗೆ ಸಿಟ್ಟು ಬಂತು, ಬರೋದು ನ್ಯಾಯವೇ.

ಆದರೆ ಆ ದಿನ ಕಂಪನಿಯ ಕೈಗೆ ಬಿದ್ದದ್ದು ಕೋಟೆಯೊಂದೇ ಅಲ್ಲ, ಅಮೃತಮಹಲ್ ದನವೂ ಬಿತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಅಂದರೆ ಅರಮನೆಯ ದನ ಸಾಕುವ ಇಲಾಖೆಗೆ, ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳು. ಇವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ್ದಲ್ಲ, ಕಾವಲಿನಲ್ಲಿ, ಅಂದರೆ ಮೀಸಲು ಹುಲ್ಲುಗಾವಲಿನಲ್ಲಿ, ಬಿಟ್ಟು ಬೆಳೆಸಿದ್ದು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಹೈದರಾಲಿ ಇವುಗಳ ಬಲದಿಂದಲೇ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರ ಮುಟ್ಟಿದ ಅಂತ ಹಳೇ ಗೆಜೆಟಿಯರ್‌ನಲ್ಲಿದೆ. ಬಾಡಿಗೆ ಎತ್ತಿನ ಕಥೆ ಬೇರೆ. ಒಡೆಯ ಲೆಕ್ಕದಲ್ಲಿ ನೂರು ತೋರಿಸಿ ಎಂಬತ್ತು ತಂದಾನು, ಗುಂಡಿನ ಸದ್ದು ಕೇಳಿದರೆ ರಾತ್ರೋರಾತ್ರಿ ನೊಗ ಬಿಚ್ಚಿಕೊಂಡು ಹೋದಾನು. ಒಳ್ಳೆಯ ಎತ್ತು, ಚೆನ್ನಾಗಿ ಹೊಡೆಯುವವನು, ಚೆನ್ನಾಗಿ ನೋಡಿಕೊಳ್ಳುವವನು ಇಲ್ಲದೆ ದಂಡು ಬೇಗ ಸಾಗೋದಿಲ್ಲ ಅಂತ ವೆಲ್ಲೆಸ್ಲಿ ಪತ್ರದಲ್ಲೇ ಬರೆದ.

ಈ ಪಾಠದ ಪರೀಕ್ಷೆ ನಡೆದದ್ದು ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿದಾಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಧೋಂಡಿಯಾ ಚನ್ನಗಿರಿಯವನು. ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಯಿಂದ ಹೊರಬಿದ್ದು, ಕೆಲಸ ಕಳೆದುಕೊಂಡ ಕುದುರೆ ಸವಾರರನ್ನೆಲ್ಲ ಸೇರಿಸಿ, ಉಭಯಲೋಕಾಧೀಶ್ವರ ಅಂತ ಬಿರುದು ಇಟ್ಟುಕೊಂಡ. ಕುದುರೆಯವನನ್ನು ಎತ್ತಿನ ಗಾಡಿಯವನು ಹಿಡಿಯೋದು ಹೇಗೆ? ಎಲ್ಲರಿಗೂ ಅದೇ ಪ್ರಶ್ನೆ. ವೆಲ್ಲೆಸ್ಲಿ ಮಳೆಗಾಲವನ್ನೇ ಆರಿಸಿಕೊಂಡ! 1800ರ ಜೂನ್ ಕೊನೆಗೆ ಹರಿಹರದ ಹತ್ತಿರ ತುಂಗಭದ್ರೆ ದಾಟಿದ, ರಾಣೆಬೆನ್ನೂರು ಹಿಡಿದ. ಹೊಳೆ ತುಂಬಿದರೆ ಕುದುರೆ ದಂಡು ದಡದಲ್ಲೇ ನಿಲ್ಲಬೇಕು. ಹರಗೋಲು ಇದ್ದವನು ದಾಟುತ್ತಾನೆ. ಬಿದಿರು ಹೆಣೆದು, ಮೇಲೆ ತೊಗಲು ಬಿಗಿದ ಅದೇ ಹರಗೋಲು, ಹಂಪಿಯಲ್ಲಿ ನೀವು ಕೂತು ಫೋಟೋ ತೆಗೆಸಿಕೊಳ್ಳುತ್ತೀರಲ್ಲ, ಅದು.

ಅಕ್ಕಿಯ ವ್ಯವಸ್ಥೆ ಲಂಬಾಣಿಗರದ್ದು. ತಾಂಡಾದ ನಾಯಕನಿಗೆ ಹಣ, ಹೇರೆತ್ತಿನ ಮೇಲೆ ಧಾನ್ಯ. ಅವರು ಬರದ ದಿನ ದಂಡು ನಿಂತಲ್ಲೇ ನಿಲ್ಲುತ್ತಿತ್ತು. ಜುಲೈ 26ಕ್ಕೆ ಡಂಬಳದ ಕೋಟೆ. 30ಕ್ಕೆ ಮುನವಳ್ಳಿ ಎದುರು, ಮಲಪ್ರಭೆ ದಡದಲ್ಲಿ ಧೋಂಡಿಯಾನ ಪಾಳೆಯದ ಮೇಲೆ ಬಿದ್ದ. ಹಿಂದೆ ತುಂಬಿದ ಹೊಳೆ, ಮುಂದೆ ವೆಲ್ಲೆಸ್ಲಿ. ಎಷ್ಟೋ ಜನ ನೀರುಪಾಲಾದರು. ದನ, ಒಂಟೆ, ಸಾಮಾನು ಎಲ್ಲ ಹೋಯಿತು. ನನ್ನನ್ನು ಕೇಳಿದರೆ ಧೋಂಡಿಯಾ ಸೋತದ್ದು ಆವತ್ತೇ, ಎತ್ತು ಕಳೆದುಕೊಂಡ ದಿನ. ಆಮೇಲೆ ಹರಗೋಲು ಕಟ್ಟಿಸುತ್ತ ವೆಲ್ಲೆಸ್ಲಿಯೂ ದಡದಲ್ಲಿ ಕಾಯಬೇಕಾಯಿತು, ಅಷ್ಟರಲ್ಲಿ ಆತ ಸುತ್ತು ಹಾಕಿ ತಪ್ಪಿಸಿಕೊಂಡ. ಆಗಸ್ಟ್ ಕೊನೆಗೆ ಹೊಳೆ ಇಳಿದದ್ದೇ ತಡ, ಮತ್ತೆ ಈಚೆ ದಾಟಿ ರಾಯಚೂರಿನ ಕಡೆ ಓಡಿದ. ಸೆಪ್ಟೆಂಬರ್ 10ರ ಬೆಳಿಗ್ಗೆ ಕೋಣಗಲ್ ಅನ್ನೋ ಹಳ್ಳಿ ಹತ್ತಿರ ಎದುರಾದ. ಆತನ ಹತ್ತಿರ ಸುಮಾರು 5,000 ಕುದುರೆ. ವೆಲ್ಲೆಸ್ಲಿ ತನ್ನ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾ ಸತ್ತ. ಸಾಮಾನಿನ ನಡುವೆ ಆತನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಹುಡುಗನನ್ನು ಸಾಕಿಸಿ, ದೇಶ ಬಿಡುವಾಗ ಆತನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದ.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡ್ತೀನಿ. 1802ರಲ್ಲಿ ವೆಲ್ಲೆಸ್ಲಿ ಮೇಜರ್ ಜನರಲ್ ಆದ. 1803ರ ಮಾರ್ಚ್‌ನಲ್ಲಿ ಮತ್ತೆ ಹರಿಹರದಿಂದಲೇ ಹೊರಟು ಏಪ್ರಿಲ್ 20ಕ್ಕೆ ಪುಣೆ. ಸೆಪ್ಟೆಂಬರ್ 23ಕ್ಕೆ ಮರಾಠರ ಎದುರು ಅಸಾಯೆ ಕದನ; ಜೊತೆಗೆ ದಿವಾನ್ ಪೂರ್ಣಯ್ಯನವರು ಕಳಿಸಿದ ಮೈಸೂರಿನ ಕುದುರೆ ದಂಡು. ಅಲ್ಲಿ ಹೊಳೆ ದಾಟೋ ಜಾಗವೇ ಇಲ್ಲ ಅಂದರು ದಾರಿ ತೋರಿಸುವವರು. ಎರಡೂ ದಡದಲ್ಲಿ ಎದುರುಬದುರು ಹಳ್ಳಿಗಳಿವೆ, ಅಂದಮೇಲೆ ಜನ ದಾಟಲೇಬೇಕು ಅಂತ ಈತ ಲೆಕ್ಕ ಹಾಕಿದ, ದಾಟಿದ. ಗೆದ್ದ, ಆದರೆ ಅವನ ಕಡೆ ಸತ್ತವರು, ಗಾಯಗೊಂಡವರು 1,500 ದಾಟಿದರು. 1805ರಲ್ಲಿ ಹಡಗು ಹತ್ತಿದ. ಸ್ಪೇನ್, ವಾಟರ್‌ಲೂ, ಪ್ರಧಾನಿ ಪಟ್ಟ ಎಲ್ಲ ಪುಸ್ತಕಗಳಲ್ಲಿದೆ, ಓದಿಕೊಳ್ಳಿ.

ಆ ಎತ್ತಿನ ವಂಶ ನೋಡಬೇಕು ಅನ್ನೋರಿಗೆ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇವತ್ತಿಗೂ ಇದೆ. ಹಿಂದಕ್ಕೆ ಬಾಗಿದ ಉದ್ದ ಕೊಂಬು, ಬೂದು ಮೈ. ಹತ್ತಿರ ಹೋಗುವಾಗ ಹುಷಾರು, ಗುರುತಿಲ್ಲದವರನ್ನು ಕಂಡರೆ ಅವಕ್ಕೆ ಆಗೋದಿಲ್ಲ. ನಮಸ್ಕಾರ.